ಕಯಾಕ್ ವಿಹಾರದ ಉದ್ಯಮ: ಸುರಕ್ಷತೆಯ ಹೊಣೆ ಯಾರದು?

ಕಯಾಕ್ ಎಂಬುದು ಒಬ್ಬರು ಅಥವಾ ಇಬ್ಬರು ಕುಳಿತು, ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟಿನಿಂದ ನಡೆಸುವ ಕಿರುದೋಣಿ. ವಿಹಾರಕ್ಕೆ ಮಾತ್ರವಲ್ಲದೆ ಗಾಳ ಹಾಕಿ ಮೀನು ಹಿಡಿಯಲು ಹಾಗೂ ಬಂಡೆಗಳ ಬಳಿ ನೀರಿನಲ್ಲಿ ಮುಳುಗಿ ನೋಡಲು ಇಂದು ಅನೇಕ ದೇಶಗಳಲ್ಲಿ ಇದನ್ನು ಬಳಸಲಾಗುತ್ತಿದೆ. ನಮ್ಮ ಕರಾವಳಿಯ ಸಾಲಿಗ್ರಾಮ, ಹೊನ್ನಾವರಗಳ ಹಿನ್ನೀರಿನಲ್ಲಿಯೂ ಕಯಾಕ್ ಪರಿಚಿತವಾಗಿದೆ. ಎಂಜಿನ್ ಬೇಕಿಲ್ಲ, ಇಂಧನದ ವೆಚ್ಚವಿಲ್ಲ, ಬಂಡವಾಳವೂ ಹೆಚ್ಚಲ್ಲ. ಆದುದರಿಂದ ಸಣ್ಣ ಉದ್ಯಮಿಗಳನ್ನು ಈ ಸೇವೆ ಆಕರ್ಷಿಸುವುದು ಸಹಜ. ಆದರೆ ಗ್ರಾಹಕನು ಸುರಕ್ಷಿತವಾಗಿ ದಡಕ್ಕೆ ಮರಳುವನೆಂಬ ಭರವಸೆಯೂ ಬಾಡಿಗೆಯಲ್ಲಿಯೇ ಸೇರಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಈ ಭರವಸೆ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ಅಧ್ಯಯನ ಯೋಗ್ಯವಾಗಿದೆ.

ಲೈಮ್ ಕೊಲ್ಲಿಯ ದುರಂತ

1993ರ ಮಾರ್ಚ್ 22ರಂದು ಪ್ಲಿಮತ್ ನಗರದ ಶಾಲೆಯೊಂದರ ಎಂಟು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ಹಾಗೂ ಖಾಸಗಿ ಸಾಹಸ ಕೇಂದ್ರವೊಂದರ ಇಬ್ಬರು ತರಬೇತುದಾರರು ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಪಟ್ಟಣದಿಂದ ಸಮೀಪದ ಚಾರ್ಮತ್‌ಗೆ ಕಯಾಕ್‌ಗಳಲ್ಲಿ ಹೊರಟರು. ಶಿಕ್ಷಕರ ದೋಣಿ ಮಗುಚಿತು. ಒಬ್ಬ ತರಬೇತುದಾರರು ಅವರ ನೆರವಿಗೆ ನಿಂತಾಗ ತಂಡ ಎರಡು ಭಾಗವಾಯಿತು. ದಡದಿಂದ ಕಡಲಿನತ್ತ ಬೀಸುತ್ತಿದ್ದ ಗಾಳಿ ವಿದ್ಯಾರ್ಥಿಗಳ ಗುಂಪನ್ನು ದೂರಕ್ಕೆ ಒಯ್ದಿತು. ದೋಣಿಯ ಬಾಯಿಗೆ ನೀರು ನುಗ್ಗದಂತೆ ತಡೆಯುವ ಹೊದಿಕೆ ವಿದ್ಯಾರ್ಥಿಗಳ ಕಯಾಕ್‌ಗಳಿಗೆ ಇರಲಿಲ್ಲ. ಅವು ಒಂದೊಂದಾಗಿ ನೀರು ತುಂಬಿ ಮಗುಚಿದವು. ಅಪಾಯ ಸೂಚಿಸುವ ಫ್ಲೇರ್‌ಗಳೂ ತಂಡದ ಬಳಿ ಇರಲಿಲ್ಲ. ಕರಾವಳಿ ರಕ್ಷಣಾ ಪಡೆಗೆ ಸುದ್ದಿ ತಲುಪುವುದೇ ತಡವಾಯಿತು. ಗಂಟೆಗಟ್ಟಲೆ ತಣ್ಣೀರಿನಲ್ಲಿ ಉಳಿದ ನಾಲ್ವರು ವಿದ್ಯಾರ್ಥಿಗಳು ಮರಣಹೊಂದಿದರು.

ಆ ತರಬೇತುದಾರರ ಅರ್ಹತೆ ಪ್ರಾಥಮಿಕ ಹಂತದ್ದು. ಅದಕ್ಕಿಂತಲೂ ಗಂಭೀರವಾದ ಅಂಶವೆಂದರೆ, ಕೇಂದ್ರದ ಸುರಕ್ಷತೆ ಕಳಪೆಯಾಗಿದೆಯೆಂದು ಹಿಂದಿನ ವರ್ಷವೇ ಇಬ್ಬರು ತರಬೇತುದಾರರು ಆಡಳಿತಕ್ಕೆ ಪತ್ರ ಬರೆದು ಎಚ್ಚರಿಸಿದ್ದರು. 1994ರ ಡಿಸೆಂಬರ್‌ನಲ್ಲಿ ವಿಂಚೆಸ್ಟರ್ ನ್ಯಾಯಾಲಯವು ಕೇಂದ್ರವನ್ನು ನಡೆಸುತ್ತಿದ್ದ ಓಎಲ್‌ಎಲ್ ಕಂಪನಿಗೆ 60,000 ಪೌಂಡ್ ದಂಡವನ್ನೂ ಅದರ ಆಡಳಿತ ನಿರ್ದೇಶಕರಿಗೆ ಮೂರು ವರ್ಷಗಳ ಸೆರೆವಾಸವನ್ನೂ ವಿಧಿಸಿತು. ಸೆರೆವಾಸವು ಮೇಲ್ಮನವಿಯಲ್ಲಿ ಎರಡು ವರ್ಷಕ್ಕೆ ಇಳಿಯಿತು. ನರಹತ್ಯೆಯ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ಕಂಪನಿಯೊಂದು ಶಿಕ್ಷೆಗೊಳಗಾದುದು ಅದೇ ಮೊದಲು.

ಸಣ್ಣ ಸಂಸ್ಥೆಗೆ ಏಕೆ ಶಿಕ್ಷೆಯಾಯಿತು?

1987ರಲ್ಲಿ ಝೇಬ್ರುಗ್ಗ ಬಂದರಿನ ಬಳಿ ಹಡಗೊಂದು ಮಗುಚಿ 193 ಮಂದಿ ಸತ್ತಾಗ ಅದರ ದೊಡ್ಡ ಕಂಪನಿಯ ಮೇಲೂ ಇದೇ ಆರೋಪ ಹೂಡಲಾಗಿತ್ತು. ಆದರೆ ಆಗಿನ ಕಾನೂನಿನಂತೆ ಕಂಪನಿಯ 'ಮನಸ್ಸು' ಎನಿಸಿದ ಉನ್ನತ ಅಧಿಕಾರಿಯೊಬ್ಬರ ವೈಯಕ್ತಿಕ ದೋಷ ಸಾಬೀತಾಗಬೇಕಿತ್ತು. ಹಲವು ಹಂತಗಳ ಆಡಳಿತದಲ್ಲಿ ಅಂಥವರನ್ನು ಗುರುತಿಸಲಾಗದೆ 1990ರಲ್ಲಿ ಮೊಕದ್ದಮೆ ಬಿದ್ದುಹೋಯಿತು. ಓಎಲ್‌ಎಲ್ ಸಣ್ಣ ಸಂಸ್ಥೆ. ಅಲ್ಲಿ ನಿರ್ಧಾರವೂ ಹೊಣೆಯೂ ನಿರ್ದೇಶಕರ ಬಳಿಯೇ ಇದ್ದವು. ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿ ಇಂತಹ ಸಂಸ್ಥೆಗಳ ಮಾಲೀಕರೇ ಆಗಿರುವುದರಿಂದ ಈ ವ್ಯತ್ಯಾಸವನ್ನು ವಿಶೇಷವಾಗಿ ಗಮನಿಸತಕ್ಕದ್ದು. ದುರಂತದ ಫಲವಾಗಿ 1995ರಲ್ಲಿ ಬ್ರಿಟನ್ ಯುವಜನರ ಸಾಹಸ ಕೇಂದ್ರಗಳಿಗೆ ಪರವಾನಗಿ ವಿಧಿಸುವ ಕಾಯಿದೆ ಮಾಡಿತು. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಮರಣವುಂಟುಮಾಡಿದವರಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಗ್ರಾಹಕರಿಂದ ಸಹಿ ಪಡೆದ ಒಪ್ಪಿಗೆ ಪತ್ರವು ಈ ಹೊಣೆಯನ್ನು ಅಳಿಸಲಾರದು.

ನೀರಿನ ಲೆಕ್ಕ

ಇಳಿತದ ಸುಮಾರು ಆರು ಗಂಟೆಗಳ ಅವಧಿಯಲ್ಲಿ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನಾವಿಕರು ಬಳಸುವ ಅಂದಾಜಿನಂತೆ ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗೊಮ್ಮೆ ಕ್ರಮವಾಗಿ 1, 2, 3, 3, 2, 1 ಪಾಲು ನೀರು ಇಳಿಯುತ್ತದೆ. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧದಷ್ಟು ನೀರು ಚಲಿಸುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳೆತ ಇನ್ನೂ ಹೆಚ್ಚು. ಗಂಟೆಗೆ 5 ಕಿ.ಮೀ. ಸಾಗುವ ಕಯಾಕ್‌ಗೆ 3 ಕಿ.ಮೀ. ದೂರ 36 ನಿಮಿಷಗಳ ದಾರಿ. ಎದುರು ಸೆಳೆತ ಗಂಟೆಗೆ 4 ಕಿ.ಮೀ. ಇದ್ದರೆ ಅದೇ ದೂರಕ್ಕೆ ಮೂರು ಗಂಟೆ ಬೇಕು. ಅಷ್ಟರಲ್ಲಿ ಹೊಸಬನ ತೋಳುಗಳು ಸೋತಿರುತ್ತವೆ.

ಗಾಳಿಯ ಲೆಕ್ಕವೂ ಇದರೊಡನೆ ಸೇರಬೇಕು. ಬೆಳಗಿನ ನೆಲಗಾಳಿ ಬೀಸುವಾಗ ದಡದ ಬಳಿ ನೀರು ಶಾಂತವಾಗಿ ಕಾಣುತ್ತದೆ, ಆದರೆ ದೋಣಿಯನ್ನು ಹೊರಕ್ಕೆ ಒಯ್ಯುತ್ತದೆ. ಮಧ್ಯಾಹ್ನದ ಕಡಲಗಾಳಿಗೆ ಇಳಿತದ ಸೆಳೆತ ಎದುರಾದಾಗ ಅಳಿವೆ ಬಾಗಿಲಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ಒಳಗಿನ ಹಿನ್ನೀರು ಎಷ್ಟೇ ಸೌಮ್ಯವಾಗಿದ್ದರೂ ಅಳಿವೆ ಬೇರೆಯೇ ನೀರು.

ಉದ್ಯಮಿಗಳು ಪಾಲಿಸಬೇಕಾದ ಕ್ರಮಗಳು

1. ಉಬ್ಬರವಿಳಿತದ ಪಟ್ಟಿ ಹಾಗೂ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕಡಲ ಮುನ್ಸೂಚನೆಯನ್ನು ನೋಡದೆ ದೋಣಿ ಇಳಿಸಕೂಡದು. ಪ್ರವಾಸ ರದ್ದುಮಾಡುವ ಅಧಿಕಾರ ದಡದಲ್ಲಿರುವ ತರಬೇತುದಾರನಿಗೆ ಇರಬೇಕು. ಅದಕ್ಕಾಗಿ ಅವನ ಸಂಬಳ ಕಡಿತವಾಗಬಾರದು.

2. ಪ್ರತಿಯೊಬ್ಬರಿಗೂ ಅಳತೆಗೆ ತಕ್ಕ ಲೈಫ್ ಜಾಕೆಟ್, ತಂಡಕ್ಕೆ ಸೀಟಿ, ಫ್ಲೇರ್, ನೀರು ತಾಗದ ವಿಎಚ್‌ಎಫ್ ರೇಡಿಯೋ ಅಥವಾ ಫೋನ್ ಇರಬೇಕು.

3. ಹೊರಟವರ ಹೆಸರು, ದಾರಿ, ಮರಳುವ ಸಮಯವನ್ನು ದಡದ ಪುಸ್ತಕದಲ್ಲಿ ಬರೆದಿಡಬೇಕು. ಸಮಯ ಮೀರಿದೊಡನೆ ಕರಾವಳಿ ರಕ್ಷಣಾ ಪಡೆಯ 1554 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೆ ಕರೆಮಾಡಬೇಕು.

4. ಮೀನು ಹಿಡಿಯುವವರು ಸೆಳೆತದಲ್ಲಿ ಲಂಗರನ್ನು ದೋಣಿಯ ಪಕ್ಕಕ್ಕೆ ಕಟ್ಟಬಾರದು. ದೋಣಿ ಅಡ್ಡಲಾಗಿ ಮಗುಚುತ್ತದೆ. ಹಗ್ಗವನ್ನು ಮುಂತುದಿ ಅಥವಾ ಹಿಂತುದಿಗೆ ಕಟ್ಟಿ, ಅದನ್ನು ಕತ್ತರಿಸಲು ಚಾಕು ಕೈಗೆಟಕುವಂತೆ ಇಟ್ಟುಕೊಳ್ಳಬೇಕು.

5. ಮುಳುಗುವವರು ಸೆಳೆತ ನಿಂತ ಅವಧಿಯನ್ನೇ ಆರಿಸಿಕೊಳ್ಳಬೇಕು. ಮೇಲೆ ಕಯಾಕ್‌ನಲ್ಲಿ ಒಬ್ಬರು ಕಾವಲಿರಬೇಕು. ಮುಳುಗಿದವರಿರುವರೆಂದು ಸೂಚಿಸುವ ಬಿಳಿ-ನೀಲಿ ಬಾವುಟ ಹಾರಿಸಬೇಕು.

6. ನೌಕರರ ಸುರಕ್ಷತಾ ದೂರುಗಳಿಗೆ ಲಿಖಿತ ಉತ್ತರ ನೀಡಿ, ಕೈಗೊಂಡ ಕ್ರಮವನ್ನು ದಾಖಲಿಸಬೇಕು.

ಇವುಗಳಲ್ಲಿ ಆರನೆಯದಕ್ಕೆ ಖರ್ಚೇ ಇಲ್ಲ. ಲೈಮ್ ರೀಜಿಸ್‌ನಲ್ಲಿ ಬಂದ ಒಂದು ಪತ್ರವನ್ನು ಮಾಲೀಕರು ಗಂಭೀರವಾಗಿ ಪರಿಗಣಿಸಿದ್ದರೆ ನಾಲ್ಕು ಜೀವಗಳೂ ಒಂದು ಉದ್ಯಮವೂ ಉಳಿಯುವ ಸಾಧ್ಯತೆಯಿತ್ತು. ದೋಣಿಗಳನ್ನು ಕೊಳ್ಳುವ ಮೊದಲು ಈ ಆರು ಅಂಶಗಳಿಗೆ ತಗಲುವ ವೆಚ್ಚವನ್ನೂ ಯೋಜನಾ ವರದಿಯಲ್ಲಿ ಸೇರಿಸಿಕೊಳ್ಳಬೇಕೆಂದು ಆಸಕ್ತ ಸದಸ್ಯರಲ್ಲಿ ವಿನಂತಿ. ಆ ವೆಚ್ಚ ಸೇರಿದ ಮೇಲೆಯೂ ಲಾಭ ಕಾಣುವ ಯೋಜನೆಗೆ ಮಾತ್ರ ಕೈಹಾಕುವುದು ಲೇಸು.