ಟೈಮರ್ ಕೋಡ್ ಹಸನು ಮಾಡಿ, ಹೆಸರು ಮಾಡಿ

ಹೊಸ ಡ್ರೈವರ್ ಬರೆದವರಿಗೆ ಮಾತ್ರ ಲಿನಕ್ಸ್ ಕರ್ನಲ್‌ನಲ್ಲಿ ಜಾಗ ಅಂದುಕೊಂಡಿದ್ದೀರಾ? ಆ ಯೋಚನೆ ಇವತ್ತೇ ಬಿಡಿ. ಟೈಮರ್ ಕೋಡ್‌ಗೆ ಕೈ ಹಾಕಿ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಅದು. ಆರಿಸುತ್ತಾ ಆರಿಸುತ್ತಾ ಇಡೀ ಮೂಟೆಯ ಪರಿಚಯ ಆಗಿಬಿಡುತ್ತದೆ.

1. ಐವತ್ತನೇ ದಿನದ ಬಗ್ಗೆ ಯೋಚಿಸಿ.
ಕರ್ನಲ್ ತನ್ನ ಟಿಕ್‌ಗಳನ್ನು ಜಿಫೀಸ್ ಎಂಬ ಕೌಂಟರ್‌ನಲ್ಲಿ ಎಣಿಸುತ್ತದೆ. ಸೆಕೆಂಡಿಗೆ 1000 ಟಿಕ್ ಆದರೆ 32 ಬಿಟ್ ಕೌಂಟರ್ ಸುಮಾರು 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ಎರಡು ಸಮಯಗಳನ್ನು ಬರೀ ದೊಡ್ಡದು, ಚಿಕ್ಕದು ಅಂತ ಹೋಲಿಸಿದ ಕೋಡ್ ಅಲ್ಲಿ ಮುಗ್ಗರಿಸುತ್ತದೆ. ಟೈಮ್ ಆಫ್ಟರ್ ಮ್ಯಾಕ್ರೊ ಬಳಸಿ. ಅದು ಒಂದರಿಂದ ಇನ್ನೊಂದನ್ನು ಕಳೆದು, ಉತ್ತರ ಪ್ಲಸ್ಸೋ ಮೈನಸ್ಸೋ ಅಂತಷ್ಟೇ ನೋಡುತ್ತದೆ. 'ನಾನು ಟೆಸ್ಟ್ ಮಾಡಿದಾಗ ಸರಿಯಿತ್ತಲ್ಲ' ಅನ್ನಬೇಡಿ. ಆ ನೆಪ ನಡೆಯಬಾರದೆಂದೇ ಕರ್ನಲ್ ಈ ಕೌಂಟರನ್ನು ತುಂಬಲು 5 ನಿಮಿಷ ಬಾಕಿ ಇರುವಂತೆ ಶುರು ಮಾಡುತ್ತದೆ. ಬೂಟ್ ಮಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ಬಗ್ ಎದ್ದು ಕೂತಿರುತ್ತದೆ.

2. ಟೈಮರ್ ತೆಗೆದ ಮಾತ್ರಕ್ಕೆ ನಿಂತಿತು ಅಂದುಕೊಳ್ಳಬೇಡಿ.
ಬರೀ ಡಿಲೀಟ್ ಮಾಡಿದರೆ ಟೈಮರ್ ಸಾಲಿನಿಂದ ಹೊರಬರುತ್ತದೆ, ಅಷ್ಟೇ. ಆ ಹೊತ್ತಿಗೆ ಕಾಲ್‌ಬ್ಯಾಕ್ ಪಕ್ಕದ ಸಿಪಿಯುನಲ್ಲಿ ಓಡುತ್ತಿದ್ದರೆ? ನೀವು ಮೆಮೊರಿ ಫ್ರೀ ಮಾಡುತ್ತೀರಿ, ಅದು ಅಲ್ಲಿಗೇ ಬರೆಯುತ್ತದೆ. 'ಸಿಂಕ್' ಇರುವ ಡಿಲೀಟ್ ಬಳಸಿ. ಕಾಲ್‌ಬ್ಯಾಕ್ ಮುಗಿಯುವ ತನಕ ಅದು ಕಾಯುತ್ತದೆ. ಹಾಗಂತ ಕಾಲ್‌ಬ್ಯಾಕ್‌ಗೆ ಬೇಕಾದ ಲಾಕನ್ನು ಹಿಡಿದುಕೊಂಡು ಕಾಯಬೇಡಿ, ಇಬ್ಬರೂ ಕಾಯುತ್ತಲೇ ಇರುತ್ತೀರಿ. ಡ್ರೈವರ್ ಕಳಚುವಾಗ 6.2 ಆವೃತ್ತಿಯಲ್ಲಿ ಬಂದ 'ಟೈಮರ್ ಶಟ್‌ಡೌನ್ ಸಿಂಕ್' ಬಳಸಿ. ಆಮೇಲೆ ಯಾರು ಎಬ್ಬಿಸಿದರೂ ಟೈಮರ್ ಏಳುವುದಿಲ್ಲ.

3. ಹಳೇ ಪ್ಯಾಚ್‌ಗಳನ್ನು ಓದಿ.
2017ರ ಬದಲಾವಣೆಯಿಂದ ಶುರು ಮಾಡಿ. ಆವರೆಗೆ ಟೈಮರ್‌ನೊಳಗೆ ಫಂಕ್ಷನ್‌ನ ವಿಳಾಸವೂ ಅದಕ್ಕೆ ಕೊಡಬೇಕಾದ ಸಂಖ್ಯೆಯೂ ಜೊತೆಜೊತೆಗೇ ಇರುತ್ತಿದ್ದವು. ಆ ಮೆಮೊರಿಯನ್ನು ಕೆಡಿಸಲು ದಾರಿ ಸಿಕ್ಕವನಿಗೆ ಎರಡೂ ಒಟ್ಟಿಗೇ ಕೈಗೆ ಬಂದಂತೆ. ಕರ್ನಲ್ ಡೆವಲಪರ್ ಕೀಸ್ ಕುಕ್ ಮತ್ತಿತರರು ನೂರಾರು ಕಡೆ ಕೋಡ್ ಬದಲಿಸಿ 'ಟೈಮರ್ ಸೆಟಪ್'ಗೆ ತಂದರು; 4.15ರ ಹೊತ್ತಿಗೆ ಹಳೆಯ ರೂಪಗಳು ಹೋದವು. ಈಗ ಕಾಲ್‌ಬ್ಯಾಕ್‌ಗೆ ಸಿಗುವುದು ಟೈಮರ್‌ನ ವಿಳಾಸ ಮಾತ್ರ. ಯಾಕೆ ಬದಲಾಯಿತು ಎಂಬುದು ತಿಳಿದರೆ ಎಲ್ಲಿ ಬದಲಿಸಬೇಕು ಎಂಬುದು ತಾನಾಗಿ ಕಾಣುತ್ತದೆ.

4. ಬೇಜಾರಿನ ಕೆಲಸ ಟೂಲ್‌ಗೆ ಕೊಡಿ.
ಫ್ರಾನ್ಸಿನ ಇನ್‌ರಿಯಾ ಸಂಸ್ಥೆಯಲ್ಲಿ ಬೆಳೆದ ಕಾಕ್ಸಿನೆಲ್ ಕಲಿಯಿರಿ. ನಿಯಮ ಒಮ್ಮೆ ಬರೆದರೆ ಸಾವಿರ ಫೈಲ್ ಜಾಲಾಡುತ್ತದೆ. ಬಂದದ್ದನ್ನು ಸಾಲು ಸಾಲಾಗಿ ನೀವೇ ಓದಿ.

5. ಒಂದು ಪ್ಯಾಚ್, ಒಂದೇ ಬದಲಾವಣೆ.
ಹೆಸರು ಬದಲಿಸುವುದನ್ನೂ ಬಗ್ ತಿದ್ದುವುದನ್ನೂ ಬೆರೆಸಬೇಡಿ. ನಾಳೆ ಬೈಸೆಕ್ಟ್ ಮಾಡುವವರು ನಿಮ್ಮನ್ನೇ ಬೈಯುತ್ತಾರೆ.

6. 'ನನ್ನಿಂದಾಗುತ್ತಾ' ಅನ್ನುವ ಚಟ ಬಿಡಿ.
ರಿವ್ಯೂನಲ್ಲಿ ಎಲ್ಲರ ಪ್ಯಾಚೂ ವಾಪಸ್ ಬರುತ್ತದೆ. ತಿದ್ದಿ ವಿ2 ಕಳಿಸಿ. ಏನು ತಿದ್ದಿದಿರಿ ಎಂಬುದನ್ನು ಮೂರು ಅಡ್ಡಗೆರೆಯ ಕೆಳಗೆ ಬರೆಯಿರಿ. ಅದು ರಿವ್ಯೂ ಮಾಡುವವರಿಗೆ ಕಾಣುತ್ತದೆ, ಗಿಟ್ ಇತಿಹಾಸದಲ್ಲಿ ಉಳಿಯುವುದಿಲ್ಲ.