ಲಾರಿಯ ವೇಗಮಾಪಕ: ಟೈರ್, ಗೇರ್ ಬದಲಾದಾಗ

ಲಾರಿಯ ವೇಗಮಾಪಕವು ಸಾಮಾನ್ಯವಾಗಿ ಗೇರ್‌ಬಾಕ್ಸ್‌ನ ಹೊರಶಾಫ್ಟಿನ ಸುತ್ತುಗಳನ್ನು ಎಣಿಸುತ್ತದೆ. ಆದುದರಿಂದ ಟೈರಿನ ಅಳತೆ ಅಥವಾ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ ಬದಲಾದರೆ ವೇಗ, ದೂರ ಎರಡರ ಲೆಕ್ಕವೂ ತಪ್ಪುತ್ತದೆ.

ಚಕ್ರದ ಸುತ್ತಿಗೆ 3.1 ಮೀಟರ್ ಸಾಗುತ್ತಿದ್ದ ಲಾರಿಗೆ 3.2 ಮೀಟರ್ ಸಾಗುವ ಟೈರ್ ಜೋಡಿಸಿದರೆ, ಮೀಟರಿನ 10,000 ಕಿ.ಮೀ. ವಾಸ್ತವದಲ್ಲಿ ಸುಮಾರು 10,320 ಕಿ.ಮೀ. ಆಗಿರುತ್ತದೆ. ಕಿಲೋಮೀಟರ್ ಲೆಕ್ಕದ ಬಾಡಿಗೆಯಲ್ಲಿ ಈ ವ್ಯತ್ಯಾಸ ಮಾಲೀಕರಿಗೆ ನೇರ ನಷ್ಟ.

ಹೇರು ತುಂಬಿ, ಸರಿಯಾದ ಗಾಳಿ ಒತ್ತಡದಲ್ಲಿ ಹಿಂಚಕ್ರವನ್ನು ಹತ್ತು ಸುತ್ತು ಉರುಳಿಸಿ, ಸಾಗಿದ ದೂರವನ್ನು ಹತ್ತರಿಂದ ಭಾಗಿಸಬೇಕು. 1,000 ಮೀಟರನ್ನು ಆ ಅಳತೆಯಿಂದ ಭಾಗಿಸಿ ಆಕ್ಸಲ್ ಅನುಪಾತದಿಂದ ಗುಣಿಸಿದರೆ ಕಿಲೋಮೀಟರಿಗೆ ಶಾಫ್ಟಿನ ಸುತ್ತುಗಳು ದೊರೆಯುತ್ತವೆ. ಅಳತೆ 3.2, ಅನುಪಾತ 6 ಆದರೆ 1,875 ಸುತ್ತು. ಸೆನ್ಸರ್ ಸುತ್ತಿಗೆ 8 ಸಂಕೇತ ನೀಡುವುದಾದರೆ 15,000 ಸಂಕೇತ. ಎಲೆಕ್ಟ್ರಾನಿಕ್ ಮೀಟರಿಗೆ ನಮೂದಿಸಬೇಕಾದ ಸಂಖ್ಯೆ ಇದೇ.