ಹೇಂಟೆಯ ರೆಕ್ಕೆಯಡಿ ಗಿನಿ ಮರಿ

ಮಗಳೇ,

ಗಿನಿ ಕೋಳಿ ಮೊಟ್ಟೆ ಸಿಕ್ಕಿವೆ, ನಮ್ಮ ನಾಟಿ ಕೋಳಿ ಜೊತೆಯಲ್ಲೇ ಮರಿ ಮಾಡಿಸಿ ಸಾಕಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಧಾರಾಳವಾಗಿ ಸಾಕು. ಗಿನಿ ಮರಿ ಮನೆಗೆ ಒಗ್ಗಬೇಕಾದರೆ ಕೋಳಿ ಜೊತೆಯಲ್ಲೇ ಬೆಳೆಯಬೇಕು ಅನ್ನುವವಳು ನಾನು. ಆದರೆ ಒಂದು ಮಾತು ಮನಸ್ಸಿನಲ್ಲಿಡು. ಒಂದೇ ಒಡ್ಡಿಯಲ್ಲಿ ಬಿಟ್ಟ ಮಾತ್ರಕ್ಕೆ ಎರಡೂ ಒಂದೇ ಜಾತಿಯಾಗುವುದಿಲ್ಲ. ಮೊದಲ ಆರು ವಾರ ಕಾವು, ನೀರು, ತಿನಿಸು, ನೆಲ ಎಲ್ಲವೂ ಗಿನಿ ಮರಿಯ ಲೆಕ್ಕದಲ್ಲಿ ನಡೆಯಲಿ. ಕೋಳಿ ಮರಿ ಅದಕ್ಕೆ ಹೊಂದಿಕೊಂಡು ಬೆಳೆಯುತ್ತದೆ. ಕೋಳಿ ಮರಿಯ ಲೆಕ್ಕ ಹಿಡಿದರೆ ಗಿನಿ ಮರಿ ಒಂದೊಂದೇ ಜಾರಿ ಹೋಗುತ್ತವೆ.

ಗಿನಿ ಕೋಳಿ ಆಫ್ರಿಕಾದ ಒಣ ಹುಲ್ಲುಗಾವಲಿನ ಹಕ್ಕಿ. ಮನುಷ್ಯನ ಜೊತೆ ಬಂದು ಎಷ್ಟೋ ಕಾಲವಾದರೂ ಅದರ ಮೈಯಲ್ಲಿ ಆ ಬಯಲೇ ಇದೆ. ಗಿನಿ ಹೇಂಟೆ ಕಾವಿಗೇನೋ ಕೂರುತ್ತದೆ, ಆದರೆ ಮರಿ ಹೊರಬಂದ ಮೇಲೆ ಅವುಗಳ ಸಣ್ಣ ಕಾಲಿನ ಶಕ್ತಿ ನೋಡದೆ ಬೆಳಗಿನ ಇಬ್ಬನಿಯಲ್ಲಿ, ಎತ್ತರದ ಹುಲ್ಲಿನಲ್ಲಿ ಎಳೆದುಕೊಂಡು ಹೋಗುತ್ತದೆ. ಒದ್ದೆಯಾದ ಹೂಮರಿಗೆ ಚಳಿ ಹಿಡಿಯುತ್ತದೆ, ಹಿಂದೆ ಬೀಳುತ್ತದೆ, ಸಾಯುತ್ತದೆ. ನಮ್ಮ ಮಲೆನಾಡಿನಲ್ಲಿ ಇಬ್ಬನಿ, ಮಳೆ, ಜಿಗಣೆ ಎಲ್ಲ ಇರುವಾಗ ಗಿನಿ ತಾಯಿಯ ಕೈಗೆ ಮರಿ ಒಪ್ಪಿಸಬೇಡ. ನಾಟಿ ಹೇಂಟೆ ಹಾಗಲ್ಲ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ, ಕೆದಕುತ್ತದೆ, ಕರೆಯುತ್ತದೆ, ಮೋಡ ಕವಿದರೆ ರೆಕ್ಕೆ ಇಳಿಬಿಟ್ಟು ಕೂತುಬಿಡುತ್ತದೆ. ಗಿನಿ ಮರಿಗೆ ಬೇಕಾಗಿರುವುದು ಈ ತಾಳ್ಮೆ.

ಮೊದಲು ದಿನದ ಲೆಕ್ಕ ಸರಿ ಮಾಡಿಕೋ. ಕೋಳಿ ಮೊಟ್ಟೆ 21 ದಿನಕ್ಕೆ ಮರಿಯಾಗುತ್ತದೆ. ಗಿನಿ ಮೊಟ್ಟೆಗೆ 26ರಿಂದ 28 ದಿನ ಬೇಕು. ಎರಡನ್ನೂ ಒಂದೇ ದಿನ ಇಟ್ಟರೆ ಕೋಳಿ ಮರಿ ಒಡೆದು ಕಿಚಿಗುಟ್ಟಿದ ಕೂಡಲೇ ಹೇಂಟೆ ಅವನ್ನು ಕರೆದುಕೊಂಡು ಎದ್ದು ಹೋಗುತ್ತದೆ, ಒಳಗೆ ಜೀವ ತುಂಬಿದ ಗಿನಿ ಮೊಟ್ಟೆ ಅಲ್ಲೇ ತಣ್ಣಗಾಗುತ್ತವೆ. ಅದಕ್ಕೇ ಗಿನಿ ಮೊಟ್ಟೆ ಮೊದಲು ಇಡು, ಆರು ಏಳು ದಿನ ಬಿಟ್ಟು ರಾತ್ರಿ ಹೊತ್ತು ಕೋಳಿ ಮೊಟ್ಟೆ ಸೇರಿಸು. ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದಿಡು, ಬೇರೆ ಹೇಂಟೆಗಳು ಬಂದು ಅದೇ ಗೂಡಿನಲ್ಲಿ ಇಟ್ಟು ಹೋಗುವ ಹೊಸ ಮೊಟ್ಟೆಗಳನ್ನು ಆಗ ತಕ್ಷಣ ತೆಗೆಯಬಹುದು. ಗಿನಿ ಮೊಟ್ಟೆಯ ಚಿಪ್ಪು ದಪ್ಪ, ಬಣ್ಣವೂ ಕಂದು. ಮೊಬೈಲ್ ಟಾರ್ಚು ಹಿಡಿದರೆ ನಾಟಿ ಮೊಟ್ಟೆಯಷ್ಟು ಸಲೀಸಾಗಿ ಒಳಗಿನದು ಕಾಣುವುದಿಲ್ಲ. ಕಾಣಲಿಲ್ಲ ಅಂತ ಹತ್ತನೇ ದಿನಕ್ಕೇ ಎಸೆಯಬೇಡ.

ಹೇಂಟೆ ಮಾಮೂಲಿಗಿಂತ ಒಂದು ವಾರ ಹೆಚ್ಚು ಕೂರಬೇಕಲ್ಲ, ಅದಕ್ಕೆ ಹಳೇ ಹೇಂಟೆಯನ್ನೇ ಆರಿಸು, ಮೊದಲ ಸಲ ಕಾವು ಬಂದದ್ದು ಬೇಡ. ದಿನಕ್ಕೊಮ್ಮೆ ಎಬ್ಬಿಸಿ ಕಾಳು, ನೀರು ಕೊಡು. ಕೂರಿಸುವ ಮುಂಚೆ ರೆಕ್ಕೆಯ ಸಂದಿ ಬಿಡಿಸಿ ಹೇನು ಇದೆಯಾ ನೋಡು. ಮಂಕರಿಯಲ್ಲಿ ಒಣ ಹುಲ್ಲಿನ ಕೆಳಗೆ ಒಂದಿಷ್ಟು ಬೂದಿ ಹರಡಿದರೆ ಒಳ್ಳೆಯದು.

ಯಾವಾಗ ಕೂರಿಸುವುದು ಅನ್ನುವುದು ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ವಿಷಯ. ಗಿನಿ ಕೋಳಿ ವರ್ಷವಿಡೀ ಮೊಟ್ಟೆ ಇಡುವುದಿಲ್ಲ. ಬೇಸಿಗೆ ಕಾಲಿಟ್ಟಾಗ ಶುರು ಮಾಡಿ ಮಳೆಗಾಲ ಮುಗಿಯುವ ಹೊತ್ತಿಗೆ ನಿಲ್ಲಿಸುತ್ತದೆ. ಮೊದಲು ಸಿಕ್ಕ ಮೊಟ್ಟೆಗಳನ್ನೇ ಕಾವಿಗೆ ಇಡು. ಯುಗಾದಿಯ ಆಸುಪಾಸಿಗೆ ಕೂರಿಸಿದರೆ ಏಪ್ರಿಲ್ ಕೊನೆಗೆ ಮರಿ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಆರು ವಾರ ತುಂಬಿ ಮೈತುಂಬ ಗರಿ ಬಂದಿರುತ್ತದೆ. ಅಷ್ಟಾದರೆ ಮಳೆಗೆ ಅವು ಜಗ್ಗುವುದಿಲ್ಲ. ಆಷಾಢದಲ್ಲಿ ಗಿನಿ ಮರಿ ಮಾಡಿಸುವ ಆಸೆ ಬೇಡವೇ ಬೇಡ, ಎಷ್ಟು ಮೊಟ್ಟೆ ಸಿಕ್ಕಿದರೂ ತಿಂದುಬಿಡಿ.

ಮೊಟ್ಟೆ ಬದಲು ಒಂದು ದಿನದ ಮರಿಗಳನ್ನೇ ತಂದರೂ ನಡೆಯುತ್ತದೆ. ಕಾವಿಗೆ ಕೂತು ಎರಡು ಮೂರು ವಾರವಾದ ಹೇಂಟೆ ಇದ್ದರೆ, ಕತ್ತಲಾದ ಮೇಲೆ ದೀಪ ಹಚ್ಚದೆ, ಒಂದೊಂದೇ ಮರಿಯನ್ನು ಅದರ ಹೊಟ್ಟೆಯಡಿಗೆ ಸರಿಸಿ ಅಷ್ಟೇ ಮೊಟ್ಟೆ ತೆಗೆ. ಹಗಲಿನಲ್ಲಿ ಮಾಡಿದರೆ ಹೇಂಟೆಗೆ ಬಣ್ಣ ಬೇರೆ ಕಂಡು ಕುಕ್ಕುವುದುಂಟು. ಬೆಳಗಾದ ಮೇಲೆ ಒಂದು ಗಂಟೆ ಅಲ್ಲೇ ಕೂತು ನೋಡು. ಕುಕ್ಕದೆ ರೆಕ್ಕೆಯೊಳಗೆ ಬಿಟ್ಟುಕೊಂಡರೆ ಗೆದ್ದ ಹಾಗೆ.

ಹೇಂಟೆಯೇ ಇಲ್ಲದಿದ್ದರೆ ಬಲ್ಬಿನ ಕಾವು. ಎಲ್‌ಇಡಿಯಲ್ಲಿ ಬಿಸಿ ಇರುವುದಿಲ್ಲ, ಹಳೇ ತಂತಿ ಬಲ್ಬೇ ಬೇಕು. ಒಂದು ಮರಿಗೆ 2 ವ್ಯಾಟ್ ಅನ್ನುವುದು ವಾಡಿಕೆಯ ಲೆಕ್ಕ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸು. ಥರ್ಮಾಮೀಟರಿಗಿಂತ ಮರಿಗಳನ್ನು ನೋಡುವುದು ರೂಢಿಯಾಗಲಿ. ಬಲ್ಬಿನಡಿ ಒತ್ತೊತ್ತಿ ನಿಂತು ಕಿರುಚಿದರೆ ಚಳಿ, ದೂರ ಓಡಿ ಬಾಯಿ ಬಿಟ್ಟರೆ ಸೆಕೆ. ಸುತ್ತ ತಗಡಿನ ಗುಂಡು ಬೇಲಿ ಇರಲಿ, ಮೂಲೆ ಇದ್ದರೆ ಅಲ್ಲಿ ಒಂದರ ಮೇಲೊಂದು ಬಿದ್ದು ಅಡಿಯದು ಉಸಿರುಗಟ್ಟುತ್ತದೆ. ಕರೆಂಟು ಹೋಗುವ ಊರು ನಿನ್ನದು. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಇಡುವ ಏರ್ಪಾಡು ಮೊದಲೇ ಮಾಡಿಕೋ. ಕೆಂಡದ ಮಡಕೆ ಮಾತ್ರ ಮುಚ್ಚಿದ ಕೋಣೆಯೊಳಗೆ ಬೇಡ.

ಇನ್ನು ಗಿನಿ ಮರಿಯನ್ನು ಹತ್ತಿರದಿಂದ ನೋಡು. ಹೆಚ್ಚೆಂದರೆ 25 ಗ್ರಾಂ ಆಸುಪಾಸು ತೂಕ. ಕೊಕ್ಕು, ಕಾಲು ಕೇಸರಿಗೆಂಪು. ತಲೆಯ ಮೇಲೆ ಕಂದು ಕಪ್ಪು ಪಟ್ಟಿ, ಮೈಯೆಲ್ಲ ಒಣ ದರಗಿನ ಬಣ್ಣ. ಹುಟ್ಟಿದ ಮರುದಿನವೇ ಬಾಣದ ಹಾಗೆ ಓಡುತ್ತದೆ, ಆದರೆ ನೀರಿನ ತಟ್ಟೆ ಕಂಡರೆ ಅದರೊಳಗೇ ಕಾಲಿಡುತ್ತದೆ. ಅರ್ಧ ಬೆರಳಿನಷ್ಟು ನೀರು ಸಾಕು ಅದು ಮುಳುಗಲು. ತಟ್ಟೆಯ ತುಂಬ ಹೊಳೆಯ ಹರಳುಕಲ್ಲು ಹಾಸಿ, ಕಲ್ಲಿನ ಸಂದಿಯಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡು. ಆಗ ನಡೆಯುವುದನ್ನು ನೋಡಲು ಚೆಂದ: ಕೋಳಿ ಮರಿ ಬಂದು ಹರಳಿನ ನಡುವೆ ಕೊಕ್ಕಿಟ್ಟು ಕತ್ತೆತ್ತಿ ನುಂಗುತ್ತದೆ. ಪಕ್ಕದ ಗಿನಿ ಮರಿ ಅದರ ಕೊಕ್ಕನ್ನೇ ದಿಟ್ಟಿಸುತ್ತದೆ, ಅದರ ಕೊಕ್ಕಿನ ತುದಿಯಲ್ಲಿ ತೂಗುವ ಹನಿಗೇ ಬಾಯಿ ಹಾಕುತ್ತದೆ, ಆಮೇಲೆ ತಾನೂ ಬಗ್ಗುತ್ತದೆ. ಹೇಂಟೆಯ ಕೊಕ್ ಕೊಕ್ ಕರೆ ಕೋಳಿ ಮರಿಗೆ ಹುಟ್ಟಿನಿಂದಲೇ ತಿಳಿಯುತ್ತದೆ. ಗಿನಿ ಮರಿಗೆ ಅದು ಪರಭಾಷೆ, ಒಂದೆರಡು ದಿನ ಬೇಕು. ಆ ಒಂದೆರಡು ದಿನ ಕೋಳಿ ಮರಿಯನ್ನು ನೋಡಿಕೊಂಡೇ ಅದು ಬದುಕುತ್ತದೆ. ಹಿಂದೆ ಬೀಳುವುದು ಕಂಡರೆ ನೀನೇ ಎತ್ತಿ ಹೇಂಟೆಯಡಿ ಬಿಡಬೇಕು. ಅದಕ್ಕೇ ಮೊದಲ ವಾರ ಹೇಂಟೆ, ಮರಿ ಎಲ್ಲ ಒಳಗೇ ಇರಲಿ.

ನೆಲಕ್ಕೆ ನ್ಯೂಸ್ ಪೇಪರ್ ಹಾಸಬೇಡ. ಜಾರಿ ಕಾಲು ಎರಡೂ ಕಡೆ ಸೀಳಿಕೊಂಡು ಮರಿ ಕುಂಟಾಗುತ್ತದೆ. ಭತ್ತದ ಹೊಟ್ಟು ಹರಡಿ, ಮೊದಲ ಮೂರು ನಾಲ್ಕು ದಿನ ಅದರ ಮೇಲೆ ಗೋಣಿ ಹಾಸು, ಇಲ್ಲದಿದ್ದರೆ ಹೊಟ್ಟನ್ನೇ ತಿನ್ನುತ್ತವೆ. ಎರಡು ವಾರ ಕಳೆಯುತ್ತಿದ್ದಂತೆ ಗಿನಿ ಮರಿ ರೆಕ್ಕೆ ಬಡಿದು ಬೇಲಿ ದಾಟುತ್ತದೆ, ಮೇಲೆ ಬಲೆ ಇರಲಿ.

ತಿನಿಸಿನ ವಿಷಯದಲ್ಲಿ ಕೈ ಬಿಗಿ ಮಾಡಬೇಡ. ನಾಟಿ ಮರಿ ಅಕ್ಕಿ ನುಚ್ಚು ತಿಂದುಕೊಂಡೂ ಹೇಗೋ ಬೆಳೆಯುತ್ತದೆ. ಗಿನಿ ಮರಿಗೆ ಮೊದಲ ವಾರಗಳಲ್ಲಿ ನೂರಕ್ಕೆ 24ರಿಂದ 26 ಭಾಗ ಪ್ರೋಟೀನು ಬೇಕು. ಅಂಗಡಿಯ ಬ್ರಾಯ್ಲರ್ ಪ್ರೀ ಸ್ಟಾರ್ಟರಿನಲ್ಲಿ 22, 23 ಇರುತ್ತದೆ. ಅದನ್ನೇ ಎರಡಕ್ಕೂ ಹಾಕಿ, ಕೊರತೆಯನ್ನು ಬೇಯಿಸಿ ಪುಡಿ ಮಾಡಿದ ಮೊಟ್ಟೆಯಿಂದ, ಗೆದ್ದಲಿನಿಂದ ತುಂಬು. ಸಗಣಿ ಒಣಹುಲ್ಲು ತುಂಬಿದ ಮಡಕೆಯನ್ನು ಸಂಜೆ ಹುತ್ತದ ಪಕ್ಕ ಬೋರಲು ಹಾಕಿದರೆ ಬೆಳಿಗ್ಗೆ ಗೆದ್ದಲು ತುಂಬಿರುತ್ತದೆ. ಅಜ್ಜಿಯ ಕಾಲದ ಈ ವಿದ್ಯೆಗಿಂತ ಒಳ್ಳೆಯ ಮೇವು ಯಾವ ಕಂಪನಿಯೂ ಕೊಡುವುದಿಲ್ಲ. ನುಗ್ಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕು. ಮೊಟ್ಟೆ ಕೋಳಿಯ ಲೇಯರ್ ಮೇವು ಮಾತ್ರ ಮರಿಗೆ ಸಲ್ಲದು, ಅದರ ಸುಣ್ಣದಂಶ ಎಳೆಯ ಮೂತ್ರಪಿಂಡ ಕೆಡಿಸುತ್ತದೆ.

ಇಲ್ಲೇ ಒಂದು ಎಚ್ಚರಿಕೆ, ಇದನ್ನು ಗೋಡೆಯ ಮೇಲೆ ಬರೆದಿಡು. ರಕ್ತಭೇದಿ ಬರದಿರಲಿ ಅಂತ ಕೋಳಿ ಮೇವಿನಲ್ಲಿ ಔಷಧಿ ಬೆರೆಸಿರುತ್ತಾರೆ. ಅದರಲ್ಲಿ ಮೊನೆನ್ಸಿನ್ ಅನ್ನುವುದು ಕೋಳಿಗೆ ಒಗ್ಗುತ್ತದೆ, ಗಿನಿ ಕೋಳಿಯನ್ನು ಕೊಲ್ಲುತ್ತದೆ. ಚೀಲದ ಚೀಟಿ ಓದು. ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳು. ಅವರಿಗೂ ಗೊತ್ತಿಲ್ಲ ಅಂದರೆ ಆ ಚೀಲ ತರಬೇಡ. ರಕ್ತಭೇದಿ ಬಂದೇಬಿಟ್ಟರೆ ಪಶುವೈದ್ಯರು ಆಂಪ್ರೋಲಿಯಂ ಕೊಡುತ್ತಾರೆ, ಅದು ಎರಡಕ್ಕೂ ನಡೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟು ಒಣಗಿರಲಿ.

ಜೊತೆಗೆ ಬಿಡುವ ಮರಿ ನಾಟಿಯದೇ ಆಗಿರಲಿ, ವಯಸ್ಸೂ ಒಂದೇ ಇರಲಿ. ಬ್ರಾಯ್ಲರ್ ಮರಿ ಆರು ವಾರಕ್ಕೆ ಎರಡು ಕಿಲೋ ಮುಟ್ಟುತ್ತದೆ, ಗಿನಿ ಮರಿಯನ್ನು ತುಳಿದುಹಾಕುತ್ತದೆ. ಗಿರಿರಾಜವೂ ದಢೂತಿ ಜಾತಿಯೇ. ಟರ್ಕಿ ಕೋಳಿಯನ್ನಂತೂ ಈ ಗುಂಪಿಗೆ ಸೇರಿಸಬೇಡ. ಕೋಳಿಯ ಹೊಟ್ಟೆಯ ಹುಳುವಿನ ಮೂಲಕ ಹೋಗುವ ಕಪ್ಪುತಲೆ ರೋಗ ಟರ್ಕಿಗೆ ಪ್ರಾಣಾಂತಿಕ. ಕೊಕ್ಕರೆ ರೋಗಕ್ಕೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದೊಂದು ಹನಿ ಲಸೋಟಾ ಲಸಿಕೆಯನ್ನು ಎರಡಕ್ಕೂ ಹಾಕಿಸು. ಗಿನಿ ಗಟ್ಟಿ ಕೋಳಿ, ಅದಕ್ಕೆ ಏನೂ ಬರುವುದಿಲ್ಲ ಅನ್ನುವವರ ಮಾತು ಕೇಳಬೇಡ. ಕಲಸಿದ ಲಸಿಕೆ ಒಂದೆರಡು ಗಂಟೆಯಲ್ಲಿ ಮುಗಿಯಬೇಕು, ಸೀಸೆಯೊಂದು ನೂರು ಕೋಳಿಗೆ ಆಗುತ್ತದೆ. ಅಕ್ಕಪಕ್ಕದ ಮನೆಯವರಿಗೂ ಅದೇ ದಿನಕ್ಕೆ ಹೇಳಿಕಳಿಸು.

ಜೊತೆಯಲ್ಲಿ ಬೆಳೆಸಿದ ಫಲ ಕಾಣುವುದು ಆರು ವಾರದ ನಂತರ. ಗಿನಿಗಳನ್ನು ಅವುಗಳ ಪಾಡಿಗೆ ಬೆಳೆಸಿದರೆ ಸಂಜೆ ಹಲಸಿನ ಮರ ಹತ್ತಿ ಕೂರುತ್ತವೆ, ಕಾಡುಬೆಕ್ಕು, ಗೂಬೆ ಒಂದೊಂದೇ ಎತ್ತಿಕೊಂಡು ಹೋಗುತ್ತವೆ. ಹೇಂಟೆಯ ಹಿಂದೆ ಬೆಳೆದದ್ದು ಕತ್ತಲಾದರೆ ಒಡ್ಡಿ ಅನ್ನುವುದನ್ನು ಕಲಿತಿರುತ್ತದೆ. ಆದರೂ ಒಮ್ಮೆಲೇ ಎಲ್ಲವನ್ನೂ ಹೊರಗೆ ಬಿಡಬೇಡ. ಇಳಿಸಂಜೆ, ಇನ್ನೂ ಕಾಳು ಹಾಕದಿರುವಾಗ, ಎರಡೇ ಗಿನಿಗಳನ್ನು ಕೋಳಿಗಳ ಜೊತೆ ಬಿಡು. ಒಳಗಿರುವವು ಕೂಗುತ್ತಲೇ ಇರುತ್ತವೆ, ಹೊರಗಿನವು ಆ ಕೂಗು ಬಿಟ್ಟು ದೂರ ಹೋಗುವುದಿಲ್ಲ. ಆಮೇಲೆ ನವಣೆ ಡಬ್ಬಿ ಅಲ್ಲಾಡಿಸಿ ಒಳಗೆ ಕರೆ. ದಿನಕ್ಕೆ ಒಂದೆರಡರಂತೆ ಹೆಚ್ಚಿಸು. ಕತ್ತಲೆ ತುಂಬಿದ ಒಡ್ಡಿಗೆ ನುಗ್ಗಲು ಗಿನಿಗೆ ಭಯ, ಒಳಗೊಂದು ಸಣ್ಣ ದೀಪ ಉರಿಯಲಿ. ಕೂರುವ ಗಳ ಎತ್ತರದಲ್ಲಿರಲಿ. ಹಿಡಿಯಬೇಕಾದರೆ ರಾತ್ರಿ ಹಿಡಿ, ಎರಡೂ ಕೈಯಿಂದ ರೆಕ್ಕೆ ಸಮೇತ ಮೈಯನ್ನು ಹಿಡಿ. ಕೋಳಿಯನ್ನು ಹಿಡಿದ ಹಾಗೆ ಕಾಲು ಹಿಡಿದರೆ ಮುರಿದುಹೋಗುತ್ತದೆ.

ಹಾವು ಬರುವುದಿಲ್ಲ ಅಂತ ಕೇಳಿದ್ದೇನೆ ದೊಡ್ಡಮ್ಮ ಅಂದೆಯಲ್ಲ, ಬರುತ್ತದೆ. ಬಂದರೆ ಗಿನಿಗಳು ಸುತ್ತುವರಿದು ಊರಿಗೆಲ್ಲ ಕೇಳುವಂತೆ ಕೂಗುತ್ತವೆ, ಮನೆಯವರಿಗೆ ಎಚ್ಚರವಾಗುತ್ತದೆ, ಅಷ್ಟು ಉಪಕಾರ ಖಂಡಿತ. ಉಣುಗನ್ನೂ ಹೆಕ್ಕಿ ತಿನ್ನುತ್ತವೆ. ಆದರೆ ಮಂಗನ ಕಾಯಿಲೆಗೆ ಇದೇ ಕಾವಲು ಅಂತ ನಂಬಿ ಕೂರಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಂಡ ಆ ಕಾಯಿಲೆಯನ್ನು ಮನುಷ್ಯರಿಗೆ ಹೆಚ್ಚಾಗಿ ದಾಟಿಸುವುದು ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಕೋಳಿಯ ಕೊಕ್ಕಿಗೆ ಅವೆಲ್ಲ ಸಿಗುವುದಿಲ್ಲ. ಸೊಪ್ಪಿಗೆ, ದರಗಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ, ಮಕ್ಕಳಿಗೂ ಹಚ್ಚು.

ಕೊನೆಯದಾಗಿ ದೊಡ್ಡವಾದ ಮೇಲಿನ ಸಂಗತಿ. ಎರಡು ತಿಂಗಳು ತುಂಬುವಾಗ ಗಂಡು ಹೆಣ್ಣು ಕೂಗಿನಲ್ಲಿ ತಿಳಿಯುತ್ತದೆ. ಎರಡು ತುಂಡಾಗಿ ಕೂಗುವುದು ಹೆಣ್ಣೇ. ಗಂಡು ಹಾಗೆ ಕೂಗುವುದೇ ಇಲ್ಲ. ಮರು ವರ್ಷ ಮೊಟ್ಟೆಯ ಕಾಲ ಬಂದಾಗ, ಜೊತೆಯಲ್ಲೇ ಆಡಿ ಬೆಳೆದ ಗಿನಿ ಗಂಡುಗಳು ಹುಂಜನನ್ನು ಅಟ್ಟಲು ಶುರು ಮಾಡುತ್ತವೆ. ಹುಂಜಗಳ ಜಗಳ ನಾಲ್ಕು ಏಟಿನಲ್ಲಿ ಮುಗಿಯುತ್ತದೆ, ಗಿನಿಗಳದು ಮುಗಿಯುವುದಿಲ್ಲ. ದಿನವಿಡೀ ಓಡಿಸಿ ಬಾಲದ ಗರಿ ಕಿತ್ತು, ಕಾಳಿನ ಹತ್ತಿರ ಬರಲು ಬಿಡದೆ ಸೊರಗಿಸುತ್ತವೆ. ಅವು ಕೆಟ್ಟವಲ್ಲ, ಅವುಗಳ ಬಯಲಿನ ರೀತಿ ಅದು. ಗಂಡುಗಳನ್ನು ಕಡಿಮೆ ಇಟ್ಟುಕೋ. ಕಾಳು ಎರಡು ಮೂರು ಕಡೆ ಹಾಕು. ಒಡ್ಡಿಯ ನಡುವೆ ಒಂದು ತಡಿಕೆ, ಹುಂಜ ಬೇರೆ ದಾರಿಯಲ್ಲಿ ಹೊರಬೀಳಲು ಹಿಂದೆ ಇನ್ನೊಂದು ಬಾಗಿಲು ಬೇಕಾಗುತ್ತದೆ. ಒಡ್ಡಿ ಕಟ್ಟುವವರು ಬರುವ ವಾರ ಬರುತ್ತಾರಂತಲ್ಲ, ಆ ಎರಡನೇ ಬಾಗಿಲಿನ ಮಾತನ್ನು ಈಗಲೇ ಅವರ ಕಿವಿಗೆ ಹಾಕಿಡು.